ಶುಕ್ರವಾರ ಪಿತ್ತಕೋಶದ ಆಪರೇಷನ್, ಏನು ತಯಾರಿ ಮಾಡಲಿ?

ಪ್ರಶ್ನೆ: ಬೆಳಿಗ್ಗೆ ಆಪರೇಷನ್ ಅಂದರೆ ರಾತ್ರಿಯಿಂದಲೇ ನೀರೂ ಕುಡಿಯಬಾರದಾ? ದಿನಾ ತಗೊಳ್ಳುವ ಬಿಪಿ ಮಾತ್ರೆ? ತುಂಬಾ ಭಯ ಆಗುತ್ತಿದೆ.

ಉತ್ತರ 1: ನನಗೂ ಹೋದ ವರ್ಷ ಇದೇ ಆಪರೇಷನ್ ಆಯಿತು. ಸಾಮಾನ್ಯವಾಗಿ ಗಟ್ಟಿ ಆಹಾರ ಆಪರೇಷನ್‌ಗೆ 6 ಗಂಟೆ ಮೊದಲೇ ನಿಲ್ಲಿಸಬೇಕು, ಬರೀ ನೀರು 2 ಗಂಟೆ ಮೊದಲಿನವರೆಗೂ ನಡೆಯುತ್ತದೆ. ಹೊಟ್ಟೆಯಲ್ಲಿ ಊಟ ಇದ್ದರೆ ಮಂಪರಿನಲ್ಲಿ ಅದು ಶ್ವಾಸಕೋಶಕ್ಕೆ ಹೋಗಬಹುದು, ಅಲ್ವಾ? ಆದರೂ ನಿಮ್ಮ ಅರಿವಳಿಕೆ ವೈದ್ಯರು ಹೇಳಿದ್ದೇ ಕೊನೆಯ ಮಾತು. ಎಲ್ಲಾ ಮಾತ್ರೆಗಳ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿ. ರಕ್ತ ತೆಳು ಮಾಡುವ ಮಾತ್ರೆಯ ವಿಷಯ ನಾನು ಹೇಳಲು ಮರೆತಿದ್ದೆ. ಹಸಿರು ಗೌನ್ ಹಾಕಿಕೊಂಡು ಮಲಗಿದ ಮೇಲೆ ಗೊತ್ತಾಗಿ, ಆಪರೇಷನ್ನೇ ಮುಂದಕ್ಕೆ ಹೋಯಿತು.

ಉತ್ತರ 2: ನೇಲ್ ಪಾಲಿಶ್ ತೆಗೆದುಬಿಡಿ, ಬೆರಳಿನ ಆಕ್ಸಿಜನ್ ಕ್ಲಿಪ್‌ಗೆ ಅಡ್ಡ ಬರಬಹುದು. ಮನೆಯಲ್ಲಿ ಸುಮ್ನೆ ಶೇವ್ ಮಾಡಿಕೊಳ್ಳಬೇಡಿ, ಸಣ್ಣ ಗಾಯದಿಂದಲೂ ಸೋಂಕು ಆಗಬಹುದು.

ಪ್ರಶ್ನೆ ಕೇಳಿದವರು: ಚೀಟಿ ಈಗಲೇ ಬರೆದೆ. ಬಿಪಿ ಮಾತ್ರೆ ಬಗ್ಗೆ ನಾಳೆ ವೈದ್ಯರಿಗೆ ಫೋನ್ ಮಾಡುತ್ತೇನೆ.