ಕೈಯಲ್ಲಿ ಹೆಣೆದ ಟೋಪಿ ಮಾರಿ ಮನೆಖರ್ಚಿನ ಕೊರತೆಯನ್ನು ತುಂಬಿಸಿಕೊಳ್ಳಬಹುದೇ?

ಮಂಜಿನೂರು (ಮಡಿಕೇರಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹದಿನಾಲ್ಕು ವರ್ಷಗಳಿಂದ ಇಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ಮಕ್ಕಳ ದಾಖಲಾತಿ ಕಡಿಮೆಯಾಯಿತೆಂದು ಈ ವರ್ಷ ನನ್ನನ್ನು ಅರ್ಧ ದಿನದ ಕೆಲಸಕ್ಕೆ ಇಳಿಸಿದ್ದಾರೆ. ತಿಂಗಳಿಗೆ 22,000 ರೂಪಾಯಿ ಬರುತ್ತಿದ್ದ ಕಡೆ ಈಗ 13,000 ಬರುತ್ತಿದೆ. ಮಗಳು ಪಿಯುಸಿಯಲ್ಲಿದ್ದಾಳೆ, ಅತ್ತೆಯವರ ಔಷಧಿಯ ಖರ್ಚು ತಪ್ಪುವಂಥದ್ದಲ್ಲ. ಮಧ್ಯಾಹ್ನದ ನಂತರದ ಹೊತ್ತು ಮಾತ್ರ ಪೂರ್ತಿ ನನ್ನದಾಗಿದೆ.

ಸೋದರತ್ತೆಯಿಂದ ಕಲಿತ ಹೆಣಿಗೆ ನನ್ನ ಕೈಯಲ್ಲಿದೆ. ಕಳೆದ ಚಳಿಗಾಲದಲ್ಲಿ ನೆಂಟರಿಷ್ಟರಿಗೆಂದು ಇಪ್ಪತ್ತಕ್ಕೂ ಹೆಚ್ಚು ಟೋಪಿಗಳನ್ನು ಹೆಣೆದು ಕೊಟ್ಟಿದ್ದೆ. ಅವುಗಳಲ್ಲೊಂದನ್ನು ನೋಡಿದ ಪರಿಚಯದ ಹೋಂಸ್ಟೇ ಮಾಲೀಕರು, ಅತಿಥಿಗಳಿಗೆ ಮಾರಲು ಹತ್ತು ಟೋಪಿ ಬೇಕೆಂದೂ ಒಂದಕ್ಕೆ 150 ರೂಪಾಯಿ ಕೊಡುವುದಾಗಿಯೂ ಹೇಳಿದ್ದಾರೆ. ದೊಡ್ಡವರ ಟೋಪಿಗೆ ನನಗೆ ಸುಮಾರು ಐದು ಗಂಟೆ ಹಿಡಿಯುತ್ತದೆ, ನೂಲಿಗೆ 70 ರೂಪಾಯಿ ಆಗುತ್ತದೆ. ಮೊದಲ ಬಾರಿಗೆ ಒಬ್ಬರು ಹಣ ಕೊಟ್ಟು ಕೊಳ್ಳುತ್ತೇನೆಂದಾಗ ಬೇಡವೆನ್ನಲು ಮನಸ್ಸು ಬರುತ್ತಿಲ್ಲ, ಆದರೆ ಒಪ್ಪಿಕೊಳ್ಳಲೂ ಏನೋ ಅಳುಕು. ಬೆಲೆಯನ್ನು ಹೇಗೆ ನಿರ್ಧರಿಸಬೇಕು, ಎಲ್ಲಿ ಮಾರಬೇಕು, ಇದಕ್ಕೆ ನೋಂದಣಿ ಏನಾದರೂ ಬೇಕೇ ಎಂಬುದನ್ನು ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ. ತಿಂಗಳಿಗೆ ನಾಲ್ಕೈದು ಸಾವಿರ ಬಂದರೂ ನನಗೆ ದೊಡ್ಡ ಆಸರೆ.

ಕಡ್ಡಿ_ನೂಲು (ಬೆಂಗಳೂರು) ಉತ್ತರ:

ನಾನು ಒಂಬತ್ತು ವರ್ಷಗಳಿಂದ ಹೆಣೆದು ಮಾರುತ್ತಿದ್ದೇನೆ. ದಯವಿಟ್ಟು 150ಕ್ಕೆ ಒಪ್ಪಿಕೊಳ್ಳಬೇಡಿ. ನೂಲಿನ 70 ಕಳೆದರೆ ಉಳಿಯುವುದು 80. ಅದನ್ನು ಐದು ಗಂಟೆಗೆ ಹಂಚಿದರೆ ಗಂಟೆಗೆ 16 ರೂಪಾಯಿ. ಹತ್ತು ಟೋಪಿಗೆ ಐವತ್ತು ಗಂಟೆ ದುಡಿದು ನೀವು ಮನೆಗೆ ತರುವುದು 800 ರೂಪಾಯಿ. ಆ ಹೊತ್ತಿನಲ್ಲಿ ನಾಲ್ಕು ಮಕ್ಕಳಿಗೆ ಮನೆಪಾಠ ಹೇಳಿದರೂ ಅದಕ್ಕಿಂತ ಹೆಚ್ಚು ಬರುತ್ತದೆ.

ಹೋಂಸ್ಟೇಯವರು ನಿಮಗೆ ಮೋಸ ಮಾಡುತ್ತಿದ್ದಾರೆಂದು ನನ್ನ ಮಾತಿನ ಅರ್ಥವಲ್ಲ. ಅವರ ಕಣ್ಣಿನಲ್ಲಿ ಇರುವುದು ಪೇಟೆಯ ಬೆಲೆ. ಚಳಿಗಾಲದಲ್ಲಿ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವ ಟೋಪಿಗಳೂ, ಟಿಬೆಟನ್ನರ ಸ್ವೆಟರ್ ಮಳಿಗೆಗಳಲ್ಲಿ ಸಿಗುವ ಟೋಪಿಗಳೂ ಬಹುಪಾಲು ಲುಧಿಯಾನದ ಯಂತ್ರಗಳಿಂದ ಬಂದವು. ನಾವು ಐದು ಗಂಟೆ ಕುಳಿತು ಹೆಣೆಯುವುದನ್ನು ಯಂತ್ರ ಕೆಲವೇ ನಿಮಿಷಗಳಲ್ಲಿ ಹೆಣೆದು ಹಾಕುತ್ತದೆ. ಆದ್ದರಿಂದ ಯಂತ್ರ ಮಾಡುವ ಟೋಪಿಯನ್ನೇ ನಾವೂ ಮಾಡಿ ಅದರ ಬೆಲೆಗೇ ಮಾರಲು ಹೊರಟರೆ ನಮಗೆ ಉಳಿಗಾಲವಿಲ್ಲ.

ನನ್ನ ಕೈಹಿಡಿದದ್ದು ಕುಲಾವಿ. ಬಾಣಂತಿಯನ್ನು ನೋಡಲು ಹೋಗುವವರು, ತೊಟ್ಟಿಲ ಶಾಸ್ತ್ರಕ್ಕೋ ನಾಮಕರಣಕ್ಕೋ ಉಡುಗೊರೆ ಹುಡುಕುವವರು, ಕಿವಿ ಮುಚ್ಚುವಂಥ, ಮೃದುವಾದ, ಕೈಯಲ್ಲೇ ಹೆಣೆದ ಕುಲಾವಿಗೆ ಬೆಲೆ ಕೊಡಲು ಹಿಂಜರಿಯುವುದಿಲ್ಲ. ಲೆಕ್ಕವನ್ನೂ ನೋಡಿ: ನವಜಾತ ಶಿಶುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 34ರಿಂದ 35 ಸೆಂಟಿಮೀಟರ್. ಟೋಪಿ ತಲೆಗಿಂತ ತುಸು ಚಿಕ್ಕದಿದ್ದರೆ ಮಾತ್ರ ಹಿಗ್ಗಿ ಕೂರುತ್ತದೆ, ಹಾಗಾಗಿ 30 ಸೆಂಟಿಮೀಟರ್ ಹೆಣೆಯಬೇಕು. 4 ಮಿಲಿಮೀಟರ್ ಕಡ್ಡಿಯಲ್ಲಿ ನನ್ನ ಕೈಗೆ 10 ಸೆಂಟಿಮೀಟರಿಗೆ 22 ಕುಣಿಕೆ ಬರುವುದರಿಂದ ಅಲ್ಲಿಗೆ 66 ಕುಣಿಕೆ ಸಾಕು. ದೊಡ್ಡವರ 56 ಸೆಂಟಿಮೀಟರ್ ತಲೆಗೆ 50 ಸೆಂಟಿಮೀಟರ್ ಟೋಪಿ, ಅಂದರೆ 110 ಕುಣಿಕೆ ಬೇಕು, ಎತ್ತರವೂ ಹೆಚ್ಚು. ಕುಲಾವಿ ನನಗೆ ಎರಡು ಗಂಟೆಯಲ್ಲಿ, 25 ರೂಪಾಯಿಯ ನೂಲಿನಲ್ಲಿ ಮುಗಿಯುತ್ತದೆ, 250ಕ್ಕೆ ಮಾರುತ್ತೇನೆ. ನಿಮ್ಮ ಕೈಯ ಬಿಗಿ ಬೇರೆಯಿರಬಹುದು. ಮೊದಲು ಒಂದು ಅಂಗೈಯಗಲದ ಮಾದರಿ ತುಂಡನ್ನು ಹೆಣೆದು, ಒಗೆದು, ಒಣಗಿಸಿ, ಆಮೇಲೆ ಅಳೆಯಿರಿ. ಒಗೆಯುವ ಮೊದಲೇ ಅಳೆದು ನಾನು ಹಾಳುಮಾಡಿದ ಟೋಪಿಗಳು ಹಲವು.

ಇನ್ನೊಂದು ಸಂಗತಿಯನ್ನು ವಿವರವಾಗಿ ಹೇಳಬೇಕು. ನನ್ನ ಎರಡನೆಯ ವರ್ಷದಲ್ಲಿ ಒಬ್ಬ ತಾಯಿ ಮಗುವಿನ ಹಣೆಯ ಫೋಟೋ ಕಳಿಸಿದ್ದರು. ಕುಲಾವಿಯ ಅಂಚು ಕೂತ ಜಾಗದಲ್ಲಿ ಕೆಂಪು ಗೆರೆ ಮೂಡಿತ್ತು. ಟೋಪಿಯ ಅಳತೆ ಸರಿಯಾಗಿಯೇ ಇತ್ತು, ಆದರೆ ಆರಂಭದ ಕುಣಿಕೆಗಳನ್ನು ನಾನು ಕಡ್ಡಿಗೆ ಬಿಗಿಯಾಗಿ ಏರಿಸಿದ್ದೆ. ಆವತ್ತಿನಿಂದ ಮೊದಲ ಸಾಲನ್ನು ಮಾತ್ರ ಒಂದು ಅಳತೆ ಹೆಚ್ಚು ದಪ್ಪವಿರುವ ಕಡ್ಡಿಯಲ್ಲಿ ಏರಿಸಿ, ಎರಡನೆಯ ಸಾಲಿನಿಂದ ಮಾಮೂಲಿ ಕಡ್ಡಿಗೆ ಬರುತ್ತೇನೆ. ನೆತ್ತಿಯಲ್ಲಿ ಕೊನೆಗೆ ಉಳಿಯುವ ಆರು ಕುಣಿಕೆಗಳೊಳಗೆ ನೂಲನ್ನು ಎರಡು ಸುತ್ತು ತೂರಿಸಿ ಎಳೆದು, ಬಾಲವನ್ನು ಒಳಬದಿಯಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹಾಯಿಸಿ ಮುಗಿಸಬೇಕು. ಕೊಳ್ಳುವ ಅಜ್ಜಿಯಂದಿರು ಕುಲಾವಿಯನ್ನು ಮೊದಲು ಒಳಮಗ್ಗುಲಾಗಿ ತಿರುವಿ ನೋಡುತ್ತಾರೆ, ಬೆರಳಿಗೆ ಗಂಟು ಸಿಕ್ಕಿತೆಂದರೆ ವಾಪಸ್ಸು ಇಟ್ಟುಬಿಡುತ್ತಾರೆ. ಗುಂಡಿ, ಮಣಿ, ಉದ್ದನೆಯ ದಾರ ಇವು ಯಾವುವೂ ಕೂಸಿನ ಟೋಪಿಗೆ ಬೇಡ.

ನೂಲಿನ ವಿಷಯದಲ್ಲಿ, ಅಕ್ರಿಲಿಕ್ ಅಗ್ಗ, ಒಗೆಯಲೂ ಸುಲಭ. ನಿಜವಾದ ಉಣ್ಣೆಯನ್ನು ಬಿಸಿನೀರಿನಲ್ಲಿ ಹಾಕಿ ಉಜ್ಜಿದರೆ ಕುಗ್ಗಿ ಕಂಬಳಿಯಂತಾಗುತ್ತದೆ, ಆದ್ದರಿಂದ ಒಗೆಯುವ ಕ್ರಮವನ್ನು ಕನ್ನಡದಲ್ಲೇ ಬರೆದ ಚೀಟಿಯೊಂದನ್ನು ಜೊತೆಗಿಡಿ. ಚಳ್ಳಕೆರೆಯ ಕಂಬಳಿಗಳಲ್ಲಿ ಕಾಣುವ ನಮ್ಮ ದಖನಿ ಕುರಿಯ ಉಣ್ಣೆಯ ಮೇಲೆ ನನಗೆ ಬಹಳ ಪ್ರೀತಿಯಿದೆ, ಆದರೆ ಅದು ಒರಟು, ಎಳೆಯ ಚರ್ಮಕ್ಕೆ ಸಲ್ಲದು. ಹತ್ತಿ ನೂಲು ತಂಪು, ಆದರೆ ಉಣ್ಣೆಯಂತೆ ಹಿಗ್ಗಿ ಮತ್ತೆ ಕುಗ್ಗುವುದಿಲ್ಲ, ಅಂಚು ಬೇಗ ಸಡಿಲವಾಗುತ್ತದೆ. ಒಂದು ಬಣ್ಣಕ್ಕೆ ಬೇಕಾದ ಉಂಡೆಗಳನ್ನೆಲ್ಲ ಒಂದೇ ಲಾಟ್ ಸಂಖ್ಯೆಯಲ್ಲಿ, ಅಂದರೆ ಒಟ್ಟಿಗೇ ಬಣ್ಣ ಹಾಕಿದ ಕಂತಿನಲ್ಲಿ, ಕೊಳ್ಳಿ.

ಕೊನೆಯದಾಗಿ, ತಿಂಗಳಿಗೆ ಐದು ಸಾವಿರ ಬರಬೇಕಾದರೆ ಇಪ್ಪತ್ತೆರಡು, ಇಪ್ಪತ್ಮೂರು ಕುಲಾವಿಗಳು ಮಾರಾಟವಾಗಬೇಕು. ನನಗೆ ಮೊದಲ ವರ್ಷ ತಿಂಗಳಿಗೆ ಆರೇಳು ಹೋದರೆ ಹೆಚ್ಚು. ಆ ಹಣವನ್ನು ನಂಬಿ ಮಗಳ ಶುಲ್ಕದ ದಿನಾಂಕವನ್ನು ಒಪ್ಪಿಕೊಳ್ಳಬೇಡಿ.

ಮಲೆನಾಡ_ಮಳೆ (ಚಿಕ್ಕಮಗಳೂರು) ಉತ್ತರ:

ಮೇಲಿನವರು ಹೇಳಿದ ಬೆಲೆಯ ಮಾತನ್ನು ಒಪ್ಪುತ್ತೇನೆ, ಆದರೆ ದೊಡ್ಡವರ ಟೋಪಿಯನ್ನು ಪೂರ್ತಿ ಕೈಬಿಡಬೇಕೆಂದು ನನಗೆ ಅನ್ನಿಸುವುದಿಲ್ಲ. ನೀವಿರುವ ಊರೇ ಬೇರೆ. ಬಯಲುಸೀಮೆಯಿಂದಲೂ ಕರಾವಳಿಯಿಂದಲೂ ಬರುವವರು ಮಡಿಕೇರಿಯ ಚಳಿಗೆ ಸಿದ್ಧರಾಗಿ ಬರುವುದು ಕಡಿಮೆ. ವಿಜಯದಶಮಿಯ ರಾತ್ರಿ ಬೆಳಗಿನವರೆಗೂ ಮಂಟಪಗಳ ಮೆರವಣಿಗೆ ನೋಡುತ್ತ ಬೀದಿಯಲ್ಲಿ ನಿಲ್ಲುವ ಜನ, ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ತೀರ್ಥೋದ್ಭವ ನೋಡಲು ಹೋಗುವ ಜನ, ಇವರಿಗೆಲ್ಲ ಟೋಪಿ ಆ ಕ್ಷಣದ ಅಗತ್ಯ. ಅದಕ್ಕಾಗಿ ಮಳೆಗಾಲದಲ್ಲೇ ಹೆಣೆದಿಡಬೇಕು, ಹೆಣೆದದ್ದನ್ನು ಕಾಪಾಡುವುದೇ ನಮ್ಮ ಕಡೆಯ ದೊಡ್ಡ ಕಷ್ಟ. ಜುಲೈನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ನನ್ನ ಹನ್ನೊಂದು ಟೋಪಿಗಳು ಸೆಪ್ಟೆಂಬರಿನಲ್ಲಿ ತೆಗೆದಾಗ ಮುಗ್ಗಲು ವಾಸನೆ ಹೊಡೆಯುತ್ತಿದ್ದವು, ಎರಡರಲ್ಲಿ ಬೂಷ್ಟು ಹಿಡಿದಿತ್ತು. ಈಗ ಒಲೆಯ ಕೋಣೆಯ ಬೆಚ್ಚಗಿನ ಅಟ್ಟದಲ್ಲಿ ಬಟ್ಟೆಯ ಚೀಲದಲ್ಲಿಟ್ಟು, ಬಿಸಿಲು ಕಂಡ ದಿನ ತಪ್ಪದೆ ಹರವುತ್ತೇನೆ.

ಅಂಗಡಿಗೆ ಕೊಡುವಾಗ ಎಚ್ಚರವಾಗಿರಿ. ಮಾರಾಟವಾದ ಮೇಲೆ ಹಣ ಕೊಡುತ್ತೇವೆಂಬ ಮಾತಿನ ಮೇಲೆ ಒಂದು ಅಂಗಡಿಗೆ ನಲವತ್ತು ಟೋಪಿ ಕೊಟ್ಟಿದ್ದೆ. ಐದು ತಿಂಗಳ ನಂತರ ಇಪ್ಪತ್ತಾರು ವಾಪಸ್ಸು ಬಂದವು, ಗಾಜಿನ ಕಪಾಟಿನಲ್ಲಿ ಬಿಸಿಲು ಬಿದ್ದು ಒಂದು ಬದಿಯ ಬಣ್ಣ ಮಾಸಿತ್ತು. ಬರಹದಲ್ಲಿ ಏನೂ ಇರಲಿಲ್ಲವಾದ್ದರಿಂದ ಕೇಳಲು ಬಾಯಿಯೂ ಇರಲಿಲ್ಲ. ಈಗ ಐದೈದೇ ಕೊಡುತ್ತೇನೆ, ಎಷ್ಟು ಕೊಟ್ಟೆ, ಎಷ್ಟು ಪಾಲು, ಯಾವಾಗ ಲೆಕ್ಕ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ನಿಮ್ಮ ಹೋಂಸ್ಟೇಯವರಿಗೂ ಇದನ್ನೇ ಹೇಳಿ ನೋಡಿ: ಬೆಲೆ ನಾನು ಹಾಕುತ್ತೇನೆ, ಮಾರಿದ್ದರಲ್ಲಿ ಇಷ್ಟು ಪಾಲು ನಿಮಗೆ.

ಲೆಕ್ಕದ_ಪುಸ್ತಕ (ಮೈಸೂರು) ಉತ್ತರ:

ನೋಂದಣಿಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಸರಕನ್ನು ರಾಜ್ಯದೊಳಗೇ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಬೇರೆ ರಾಜ್ಯಕ್ಕೆ ಕಳಿಸುವಾಗ ನಿಯಮ ಬೇರೆಯಾಗುತ್ತದೆ. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿಯಿದ್ದರೂ ನಿಮ್ಮ ವಸ್ತು ಆ ಪಟ್ಟಿಗೆ ಸೇರುತ್ತದೆಯೇ ಎಂದು ತೆರಿಗೆ ಸಲಹೆಗಾರರನ್ನು ಕೇಳಿಯೇ ಮುಂದುವರಿಯಿರಿ. ಸಣ್ಣ ಉದ್ಯಮಗಳಿಗಾಗಿ 2020ರ ಜುಲೈ 1ರಿಂದ ಜಾರಿಯಲ್ಲಿರುವ ಸರ್ಕಾರದ ಉದ್ಯಮ್ ನೋಂದಣಿ ಸಂಪೂರ್ಣ ಉಚಿತ. ಅದಕ್ಕೆ ಶುಲ್ಕ ಕೇಳುವ ಜಾಲತಾಣಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಾಂಪ್ರದಾಯಿಕ ಕುಶಲಕರ್ಮಿಗಳಿಗಾಗಿ 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕೆಲಸವಿದೆ, ಹೆಣಿಗೆ ಇಲ್ಲ. ಅರ್ಜಿ ಹಾಕಿಸಿಕೊಡುತ್ತೇನೆಂದು ಯಾರಾದರೂ ಬಂದರೆ ನಂಬಬೇಡಿ. ಶಾಲೆಯ ನೇಮಕಾತಿ ಪತ್ರದಲ್ಲಿ ಬೇರೆ ವ್ಯವಹಾರ ನಡೆಸಬಾರದೆಂಬ ಷರತ್ತು ಇದೆಯೇ ಎಂಬುದನ್ನೂ ಒಮ್ಮೆ ಓದಿಕೊಳ್ಳಿ.

ಮಂಜಿನೂರು (ಮಡಿಕೇರಿ) ಮರಳಿ ಬರೆದದ್ದು:

ನಿಮ್ಮೆಲ್ಲರಿಗೂ ಮನಸಾರೆ ಕೃತಜ್ಞತೆಗಳು. ನೇಮಕಾತಿ ಪತ್ರದಲ್ಲಿ ಅಂಥ ಷರತ್ತು ಇಲ್ಲ. ಹೋಂಸ್ಟೇಯವರ ಬಳಿ ಗಂಟೆಗಳ ಲೆಕ್ಕವನ್ನು ಬರೆದುಕೊಂಡೇ ಹೋದೆ, ಏಕೆಂದರೆ ಬಾಯಿಮಾತಿನಲ್ಲಿ ಬೆಲೆ ಹೇಳಲು ನನಗೆ ಧೈರ್ಯ ಸಾಲದು. 320 ರೂಪಾಯಿ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಹತ್ತು ಬೇಡ, ನಾಲ್ಕು ಸಾಕು ಎಂದರು. ಆಗ ಬೇಸರವಾಯಿತು. ಮನೆಗೆ ಬಂದು ಕೂಡಿಸಿ ನೋಡಿದಾಗ ತಿಳಿಯಿತು: ಆ ಹತ್ತು ಟೋಪಿಗೆ ಐವತ್ತು ಗಂಟೆ ದುಡಿದು 800 ಉಳಿಯುತ್ತಿತ್ತು, ಈ ನಾಲ್ಕಕ್ಕೆ ಇಪ್ಪತ್ತು ಗಂಟೆಯಲ್ಲಿ 1,000 ಉಳಿಯುತ್ತದೆ.

ಉಳಿದ ಹೊತ್ತಿನಲ್ಲಿ ಕುಲಾವಿಗೆ ಕೈಹಾಕಿದ್ದೇನೆ. ಮಾದರಿ ತುಂಡಿನಲ್ಲಿ ನನಗೆ 10 ಸೆಂಟಿಮೀಟರಿಗೆ 24 ಕುಣಿಕೆ ಬಂತು, ಆದ್ದರಿಂದ 72 ಏರಿಸಿದೆ. ಮೊದಲ ಸಾಲಿಗೆ ದಪ್ಪ ಕಡ್ಡಿ ಬಳಸಿದ ಮೇಲೆ ಅಂಚನ್ನು ಕೈಯಲ್ಲಿ ಹಿಗ್ಗಿಸಿ ನೋಡಿದರೆ ಎಲ್ಲೂ ಬಿಗಿಯುವುದಿಲ್ಲ. ಪಕ್ಕದ ಮನೆಯ ಹುಡುಗಿಗೆ ಮುಂದಿನ ತಿಂಗಳು ಹೆರಿಗೆ, ಅವಳ ತಾಯಿ ಎರಡು ಕೇಳಿದ್ದಾರೆ, ಬೆಲೆಯನ್ನೂ ಕೇಳಿಯೇ ಒಪ್ಪಿದ್ದಾರೆ.