ಬ್ರಿಟನ್ನಿನಲ್ಲಿ ಮೂರು ವಾರ: ಕೈಗೆ ಭಾರವಾಗದ ಹಾಗೆ ಸುತ್ತಾಡುವುದು ಹೇಗೆ?

ನಿವೃತ್ತ ಮಾಸ್ತರ, ಕಲಬುರಗಿ

ಬರುವ ಜೂನ್ ತಿಂಗಳಲ್ಲಿ ನಾನು ಮತ್ತು ನನ್ನ ಹೆಂಡತಿ ಲೆಸ್ಟರ್‌ನಲ್ಲಿರುವ ಮಗನ ಮನೆಗೆ ಮೂರು ವಾರಗಳ ಮಟ್ಟಿಗೆ ಹೊರಟಿದ್ದೇವೆ. ವಾರದ ಐದು ದಿನ ಅವನಿಗೆ ಕೆಲಸವಿರುವುದರಿಂದ ನಾವಿಬ್ಬರೇ ಓಡಾಡಬೇಕು. ಈ ಮೊದಲು ಹೋಗಿಬಂದ ಬಂಧುಗಳು ದೊಡ್ಡ ತಿರುಗುಚಕ್ರ, ಮೇಣದ ಗೊಂಬೆಗಳ ಫೋಟೊ ತೋರಿಸಿ, ಅವಕ್ಕೆ ತೆತ್ತ ಪೌಂಡುಗಳನ್ನು ರೂಪಾಯಿಗೆ ತಂದು ಹೇಳಿದಾಗ, ಅಷ್ಟರಲ್ಲಿ ಇಲ್ಲಿ ತಿಂಗಳ ಕಿರಾಣಿ ಬರುತ್ತದಲ್ಲ ಎನಿಸಿತು. ಮಗನ ದುಡಿಮೆಯನ್ನು ಹಾಗೆ ಖರ್ಚು ಮಾಡಿಸಲು ಮನಸ್ಸಿಲ್ಲ. ಹಾಗೆಂದು ಮೂರು ವಾರ ಕಿಟಕಿಯ ಬಳಿ ಕುಳಿತು ಬರಲೂ ಮನಸ್ಸಿಲ್ಲ. ಇಬ್ಬರಿಗೂ ಅರವತ್ತು ದಾಟಿದೆ, ಅವಳಿಗೆ ಮೊಣಕಾಲು ನೋವಿದೆ. ಬಲ್ಲವರು ದಾರಿ ತೋರಿಸಬೇಕಾಗಿ ವಿನಂತಿ.

ಚೌಬಾರದವ, ಬೀದರ್

ಮಾಸ್ತರರೇ, ಆ ದೇಶದಲ್ಲಿ ಜೇಬಿಗೆ ಕತ್ತರಿ ಬೀಳುವುದು ನೋಡುವ ಜಾಗದಲ್ಲಿ ಅಲ್ಲ, ಅಲ್ಲಿಗೆ ಮುಟ್ಟುವ ದಾರಿಯಲ್ಲಿ. 2001ರ ಡಿಸೆಂಬರ್‌ನಿಂದ ಇಂಗ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಕಾಯಂ ಪ್ರದರ್ಶನಗಳಿಗೆ ಪ್ರವೇಶ ಶುಲ್ಕವಿಲ್ಲ. ಮಗಳ ಮನೆಗೆ ಹೋದಾಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪು ಸುಲ್ತಾನನ ಮರದ ಹುಲಿಯ ಬೊಂಬೆಯನ್ನು ನೋಡಲೆಂದು ಒಳಹೊಕ್ಕ ನಾನು, ನಮ್ಮೂರ ಬಿದರಿ ಸಾಮಾನುಗಳ ಮುಂದೆಯೇ ಹೆಚ್ಚು ಹೊತ್ತು ನಿಂತೆ. ಕೋಟೆಯ ಮಣ್ಣಿನಿಂದ ಕಪ್ಪೇರಿದ ಅದೇ ಕೆಲಸವನ್ನು ಇಲ್ಲಿ ದಿನವೂ ದಾಟಿ ಹೋಗುವವನು ನಾನು. ಗ್ಯಾಲರಿಗಳನ್ನು ನವೀಕರಣಕ್ಕೆ ಮುಚ್ಚುವುದುಂಟು, ಆದ್ದರಿಂದ ಹೊರಡುವ ಮುನ್ನ ಮಗನಿಂದ ಜಾಲತಾಣ ನೋಡಿಸಿಕೊಳ್ಳಿ.

ರೈಲಿಗೆ 'ಟು ಟುಗೆದರ್' ರೈಲ್‌ಕಾರ್ಡ್ ಮಾಡಿಸಿರಿ. ಇಬ್ಬರ ಹೆಸರೂ ಇರುವ ಒಂದೇ ಕಾರ್ಡ್. ಜೊತೆಯಾಗಿ ಪ್ರಯಾಣಿಸಿದರೆ ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ವಾರದ ದಿನಗಳಲ್ಲಿ ಬೆಳಗ್ಗೆ 9:30ಕ್ಕೆ ಮೊದಲು ಅದು ನಡೆಯುವುದಿಲ್ಲ, ಆದರೆ ಅದಕ್ಕೂ ಮುಂಚೆ ಹೊರಡುವ ಗಡಿಬಿಡಿ ನಿವೃತ್ತರಿಗೆ ಯಾಕೆ? ಲಂಡನ್ ಬಸ್ಸಿನಲ್ಲಿ ಒಮ್ಮೆ ಬ್ಯಾಂಕ್ ಕಾರ್ಡ್ ತಾಗಿಸಿದರೆ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿ ಹತ್ತಿದರೂ ಮತ್ತೆ ಹಣ ಹೋಗುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಇರಬೇಕು, ಅಷ್ಟೆ.

ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿರುವ ಬಸವಣ್ಣನವರ ಪ್ರತಿಮೆಯನ್ನು ನೋಡದೆ ಬರಬೇಡಿರಿ. ಲಂಡನ್ನಿನ ಲ್ಯಾಂಬೆತ್ ಭಾಗದ ಮೇಯರ್ ಆಗಿದ್ದ, ನಿಮ್ಮ ಕಲಬುರಗಿ ಕಡೆಯವರೇ ಆದ ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ಅದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಅನುಭವ ಮಂಟಪದ ನಾಡಿನಿಂದ ಹೋದವರು ನದಿಯ ಆಚೆ ದಡದ ಪಾರ್ಲಿಮೆಂಟನ್ನು ನೋಡುತ್ತ ಅಲ್ಲಿ ಎಷ್ಟು ಹೊತ್ತು ಕುಳಿತರೂ ಕೇಳುವವರಿಲ್ಲ.

ಸುರಪುರದ ಓದುಗ

ಬೀದರಿನವರ ಮಾತು ಸರಿಯೇ, ಆದರೆ ಲೆಸ್ಟರ್‌ನಲ್ಲಿ ಇರುವವರು ಪದೇ ಪದೇ ಲಂಡನ್ನಿಗೆ ಓಡುವುದನ್ನು ನಾನು ಒಪ್ಪುವುದಿಲ್ಲ. ಊರ ಪಕ್ಕದಲ್ಲೇ ಬ್ರಾಡ್‌ಗೇಟ್ ಪಾರ್ಕ್ ಇದೆ. ಜಿಂಕೆಗಳು ಅಡ್ಡಾಡುವ ಆ ವಿಶಾಲ ಬಯಲಿಗೆ ಕಾಲ್ನಡೆಯವರಿಗೆ ಶುಲ್ಕವಿಲ್ಲ. 1553ರಲ್ಲಿ ಒಂಬತ್ತು ದಿನ ಮಾತ್ರ ರಾಣಿಯಾಗಿದ್ದ ಜೇನ್ ಗ್ರೇಯ ಮನೆತನದ ಪಾಳುಮನೆಯನ್ನೂ ಅಲ್ಲಿ ಕಾಣಬಹುದು. ಲಂಡನ್ನಿನ ಹೊರಗೆ ಬಹುತೇಕ ಸ್ಥಳೀಯ ಬಸ್ಸುಗಳಲ್ಲಿ ಒಂದು ಬದಿಯ ಟಿಕೆಟ್ 3 ಪೌಂಡ್ ಮೀರದಂತೆ 2025ರ ಜನವರಿಯಿಂದ ಮಿತಿ ಹಾಕಿದ್ದಾರೆ.

ಒಂದು ದಿನ ಲಿವರ್‌ಪೂಲ್‌ಗೂ ಹೋಗಿರಿ. ನಮ್ಮ ಸುರಪುರದ ಗುಡ್ಡದ ಮೇಲೆ ಮಂಜಿಲ್ (ಬಂಗಲೆ) ಕಟ್ಟಿಸಿಕೊಂಡು ಇದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬರು 1808ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಿ. ಹಡಗುಕಟ್ಟೆಯ ಬಳಿಯ ಮ್ಯೂಸಿಯಂ ಆಫ್ ಲಿವರ್‌ಪೂಲ್‌ಗೂ ವಾಕರ್ ಚಿತ್ರಶಾಲೆಗೂ ಟಿಕೆಟ್ ಇಲ್ಲ.

ನಿವೃತ್ತ ಮಾಸ್ತರ, ಕಲಬುರಗಿ

ಇಬ್ಬರಿಗೂ ಉಪಕಾರವಾಯಿತು. ಮೊಣಕಾಲಿನ ಮಾತು ಮತ್ತು ಊಟದ ಮಾತು ಉಳಿಯಿತು. ನಾವು ಸಸ್ಯಾಹಾರಿಗಳು, ದಿನವೂ ಹೋಟೆಲ್ ಊಟ ಹೊಂದುವುದಿಲ್ಲ.

ಚೌಬಾರದವ, ಬೀದರ್

ದೊಡ್ಡ ಮ್ಯೂಸಿಯಂಗಳಲ್ಲಿ ಲಿಫ್ಟ್ ಇವೆ, ಕೇಳಿದರೆ ಗಾಲಿಕುರ್ಚಿಯನ್ನೂ ಕೊಡುತ್ತಾರೆ. ಒಂದು ದಿನಕ್ಕೆ ಎರಡು ಕೋಣೆ ಸಾಕು, ಪ್ರವೇಶ ಉಚಿತವಾದ ಮೇಲೆ ಎಲ್ಲವನ್ನೂ ಒಂದೇ ದಿನ ಮುಗಿಸುವ ಹಟವಿರುವುದಿಲ್ಲ. ಊಟಕ್ಕೆ ಲೆಸ್ಟರ್‌ನ ಬೆಲ್‌ಗ್ರೇವ್ ರಸ್ತೆಯಲ್ಲಿ ಗುಜರಾತಿಗಳ ಅಂಗಡಿಗಳಿವೆ. ನಾವಂತೂ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ ಪಾರ್ಕಿನ ಬೆಂಚಿನ ಮೇಲೆ ಕುಳಿತು ತಿಂದೆವು. ತುಪ್ಪ, ಪೇಡೆಗಳನ್ನು ಮಾತ್ರ ಚೀಲದಲ್ಲಿ ಇಡಬೇಡಿರಿ. ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಅಲ್ಲಿನ ನಿಯಮ ಬಿಡುವುದಿಲ್ಲ.