ರಾಜ್ಯಮಟ್ಟದ ಒಳರೋಗಿ ದತ್ತಾಂಶವನ್ನು ಹೇಗೆ ಕಟ್ಟುತ್ತಾರೆ? ಅದರ ಒಂದು ಸಾಲು ಎಂದರೆ ಒಬ್ಬ ರೋಗಿಯೇ?

ಪ್ರಶ್ನೆ: ಕಡಿಯಾಳಿ, ಉಡುಪಿ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ವಯಸ್ಸಾದವರ ಸೊಂಟದ ಮೂಳೆ ಮುರಿತದ ಬಗ್ಗೆ ಯೋಜನಾ ವರದಿ ಬರೆಯುತ್ತಿದ್ದಾರೆ. ಅವರು ಓದುತ್ತಿರುವ ಪ್ರಬಂಧಗಳಲ್ಲಿ ಹೆಚ್ಚಿನವು ಅಮೆರಿಕದ ರಾಜ್ಯಗಳ ಒಳರೋಗಿ ಬಿಡುಗಡೆ ದತ್ತಾಂಶವನ್ನು ಆಧರಿಸಿವೆ. ಈ ಮಾಹಿತಿಯನ್ನು ಆಸ್ಪತ್ರೆಯ ಯಾವ ಕಾಗದದಿಂದ ತೆಗೆಯುತ್ತಾರೆ, ಯಾರು ಒಟ್ಟುಗೂಡಿಸುತ್ತಾರೆ, ಅದರಲ್ಲಿರುವ ಒಂದು ಸಾಲನ್ನು ಒಬ್ಬ ರೋಗಿ ಎಂದು ಎಣಿಸಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳ ಮಟ್ಟಿಗೆ ಇಂಥದ್ದೊಂದನ್ನು ಕಟ್ಟಲು ಸಾಧ್ಯವೇ ಎಂಬ ಕುತೂಹಲವೂ ಇದೆ.

ಉತ್ತರ 1: ದಾಖಲೆ ವಿಭಾಗ, ಮಂಗಳೂರು

ಸರ್, ನಾನು ಆಸ್ಪತ್ರೆಯೊಂದರ ವೈದ್ಯಕೀಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡುವವನಾದ್ದರಿಂದ ಆ ಕಡೆಯಿಂದಲೇ ಹೇಳುತ್ತೇನೆ. ರೋಗಿ ಬಿಡುಗಡೆಯಾದ ಮೇಲೆ ಕೇಸ್ ಶೀಟ್ ದಾಖಲೆ ವಿಭಾಗಕ್ಕೆ ಬರುತ್ತದೆ. ಕೋಡಿಂಗ್ ಮಾಡುವವರು ವೈದ್ಯರ ಟಿಪ್ಪಣಿ, ಶಸ್ತ್ರಚಿಕಿತ್ಸೆಯ ವಿವರ ಮತ್ತು ಡಿಸ್ಚಾರ್ಜ್ ಸಮ್ಮರಿಯನ್ನು ಓದಿ ಕಾಯಿಲೆಗಳಿಗೂ ಚಿಕಿತ್ಸೆಗಳಿಗೂ ಸಂಕೇತ ಕೊಡುತ್ತಾರೆ. ಅಮೆರಿಕದಲ್ಲಿ ಈ ಸಂಕೇತಗಳು ಯುಬಿ-04 ಎಂಬ ಏಕರೂಪದ ಬಿಲ್ ನಮೂನೆಗೆ, ಅಥವಾ ಅದರ ವಿದ್ಯುನ್ಮಾನ ರೂಪಕ್ಕೆ, ಸೇರುತ್ತವೆ. ರಾಜ್ಯದ ದತ್ತಾಂಶ ಬಹುಮಟ್ಟಿಗೆ ಈ ಬಿಲ್ಲಿನ ವಿವರಗಳಿಂದಲೇ ಹುಟ್ಟುತ್ತದೆ. ಸಂಶೋಧನೆಗೆಂದು ಯಾರೂ ಬೇರೆ ಫಾರ್ಮ್ ತುಂಬಿಸುವುದಿಲ್ಲ.

ಅನೇಕ ರಾಜ್ಯಗಳಲ್ಲಿ ವರದಿ ಸಲ್ಲಿಸುವುದು ಕಾನೂನಿನ ಕಡ್ಡಾಯ. ಹೀಗೆ ಸಂಗ್ರಹಿಸುವ ನ್ಯೂಯಾರ್ಕ್ ರಾಜ್ಯದ ಸ್ಪಾರ್ಕ್ಸ್ ವ್ಯವಸ್ಥೆ 1979ರಿಂದಲೂ ಇದೆ. ಬೇರೆ ಕೆಲವು ರಾಜ್ಯಗಳಲ್ಲಿ ಆಸ್ಪತ್ರೆಗಳ ಸಂಘವೇ ಸಂಗ್ರಹಿಸುತ್ತದೆ. ಬಂದ ಸಾಲುಗಳನ್ನು ಹಾಗೆಯೇ ಸ್ವೀಕರಿಸುವುದಿಲ್ಲ. ದಾಖಲಾದ ದಿನಾಂಕಕ್ಕಿಂತ ಬಿಡುಗಡೆಯ ದಿನಾಂಕ ಹಿಂದಿನದಾಗಿದ್ದರೆ, ಪುರುಷ ಎಂದು ನಮೂದಾದವರಿಗೆ ಹೆರಿಗೆಯ ಸಂಕೇತ ಬಿದ್ದಿದ್ದರೆ, ಅಂಥವನ್ನು ಗುರುತಿಸಿ ತಿದ್ದಲು ಹಿಂತಿರುಗಿಸುತ್ತಾರೆ. ಆಮೇಲೆ ಎಎಚ್‌ಆರ್‌ಕ್ಯೂ ಎಂಬ ಅಮೆರಿಕದ ಕೇಂದ್ರ ಸರ್ಕಾರಿ ಸಂಸ್ಥೆಯ ಎಚ್‌ಸಿಯುಪಿ ಯೋಜನೆಯು ರಾಜ್ಯಗಳ ಸಂಗ್ರಹಕಾರರಿಂದ ಪಡೆದು, ಒಂದೇ ಅಚ್ಚಿಗೆ ತಂದು, ಸ್ಟೇಟ್ ಇನ್‌ಪೇಷೆಂಟ್ ಡೇಟಾಬೇಸ್ ಎಂಬ ಹೆಸರಿನಲ್ಲಿ ಸಂಶೋಧಕರಿಗೆ ಒದಗಿಸುತ್ತದೆ. ಇದು 1990ರ ವರ್ಷದಿಂದ ಲಭ್ಯವಿದೆ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಕೇಸ್ ಶೀಟಿನಲ್ಲಿ ವೈದ್ಯರು ಬರೆಯದ ಕಾಯಿಲೆ ಯಾವ ದತ್ತಾಂಶದಲ್ಲೂ ಇರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದೂ ಟಿಪ್ಪಣಿಯಲ್ಲಿ ಬಾರದಿದ್ದರೆ ಕೋಡ್ ಹಾಕುವವರು ಔಷಧಿ ಚೀಟಿ ನೋಡಿ ಊಹಿಸುವಂತಿಲ್ಲ.

ಉತ್ತರ 2: ಕಂಕನಾಡಿ, ಮಂಗಳೂರು

ಒಂದು ಸಾಲು ಒಬ್ಬ ರೋಗಿಯಲ್ಲ, ಒಂದು ಬಿಡುಗಡೆ. ನಿಮ್ಮ ವಿದ್ಯಾರ್ಥಿನಿಯ ವಿಷಯಕ್ಕೆ ಇದು ಬಹಳ ಮುಖ್ಯ. ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯೊಬ್ಬರನ್ನು ಊರಿನ ಸಣ್ಣ ಆಸ್ಪತ್ರೆಗೆ ಸೇರಿಸಿ, ಮರುದಿನ ದೊಡ್ಡ ಆಸ್ಪತ್ರೆಗೆ ಕಳುಹಿಸಿದರೆ ಎರಡು ಸಾಲುಗಳಾಗುತ್ತವೆ. ತಿಂಗಳ ನಂತರ ಸೋಂಕಿಗಾಗಿ ಮತ್ತೆ ಸೇರಿದರೆ ಮೂರನೆಯದು. ಮುರಿತ ಮಾತ್ರ ಒಂದೇ. ಗುಪ್ತ ಸಂಕೇತದ ವ್ಯಕ್ತಿಸಂಖ್ಯೆಯನ್ನು ಕೊಡುವ ರಾಜ್ಯಗಳಲ್ಲಿ ಈ ಸಾಲುಗಳನ್ನು ಜೋಡಿಸಬಹುದು, ಆದರೆ ಎಲ್ಲ ರಾಜ್ಯಗಳೂ ಅದನ್ನು ಕೊಡುವುದಿಲ್ಲ. ಆದ್ದರಿಂದ ಬೇರೆ ಆಸ್ಪತ್ರೆಯಿಂದ ವರ್ಗವಾಗಿ ಬಂದವರೇ ಎಂಬ ಅಂಕಣವನ್ನು ಮೊದಲು ನೋಡಬೇಕು.

2015ರ ಅಕ್ಟೋಬರ್ 1ರಂದು ಅಮೆರಿಕ ಕಾಯಿಲೆಗಳ ಸಂಕೇತಪಟ್ಟಿಯಾದ ಐಸಿಡಿ-9-ಸಿಎಂ ಬಿಟ್ಟು ಅದರ ಹೊಸ ಆವೃತ್ತಿ ಐಸಿಡಿ-10-ಸಿಎಂಗೆ ಬಂದಿತು. ಮೊದಲು ಬಹುಮಟ್ಟಿಗೆ 820 ಎಂಬ ಒಂದೇ ಗುಂಪಿನಲ್ಲಿ ಸಿಗುತ್ತಿದ್ದ ಸೊಂಟದ ಮುರಿತಗಳು ಈಗ ಮುಖ್ಯವಾಗಿ ಎಸ್72ರ ಕೆಳಗಿವೆ. ಅದಕ್ಕಿಂತ ಮಿಗಿಲಾಗಿ, ಮೂಳೆ ಸವೆತ (ಆಸ್ಟಿಯೊಪೊರೋಸಿಸ್) ಇದೆಯೆಂದು ಮೊದಲೇ ತಿಳಿದಿರುವವರಿಗೆ ಸಣ್ಣ ಬೀಳುವಿಕೆಯಿಂದ ಮುರಿತವಾದರೆ ಅದನ್ನು ಎಂ80ರಲ್ಲಿ ಸೇರಿಸಬೇಕೆಂಬ ನಿಯಮವಿದೆ. ಎಸ್72 ಮಾತ್ರ ಹುಡುಕಿದವರಿಗೆ ಆ ವರ್ಷದಿಂದ ಮುರಿತಗಳು ಕಡಿಮೆಯಾದಂತೆ ಕಂಡೀತು. ಸಂಕೇತದ ಏಳನೆಯ ಅಕ್ಷರವನ್ನೂ ಗಮನಿಸಬೇಕು. ಅಲ್ಲಿ ‘ಡಿ’ ಇದ್ದರೆ ಅದು ಹೊಸ ಮುರಿತವಲ್ಲ, ಗುಣವಾಗುತ್ತಿರುವ ಹಂತದ ಆರೈಕೆ. ಬಿಲ್ಲಿನ ಮೊತ್ತವಂತೂ ಆಸ್ಪತ್ರೆ ಹೇಳಿದ ದರವೇ ಹೊರತು ನಿಜವಾದ ವೆಚ್ಚವಲ್ಲ.

ಮರುಪ್ರಶ್ನೆ: ಕಡಿಯಾಳಿ, ಉಡುಪಿ

ಇಬ್ಬರಿಗೂ ಕೃತಜ್ಞತೆಗಳು. ಎಂ80ರ ವಿಚಾರ ನಮಗೆ ಗೊತ್ತೇ ಇರಲಿಲ್ಲ. ಹಾಗಾದರೆ ಸರ್ಕಾರದ ಚಿಕಿತ್ಸಾ ನೆರವಿನ ಆರೋಗ್ಯ ಕರ್ನಾಟಕ ಯೋಜನೆಯ ಕ್ಲೇಮುಗಳನ್ನೇ (ಆಸ್ಪತ್ರೆಗಳು ಹಣಕ್ಕಾಗಿ ಸಲ್ಲಿಸುವ ಅರ್ಜಿಗಳನ್ನೇ) ನಮ್ಮ ರಾಜ್ಯದ ಒಳರೋಗಿ ದತ್ತಾಂಶವೆಂದು ಪರಿಗಣಿಸಬಹುದೇ?

ಉತ್ತರ 3: ಮಣಿಪಾಲ

ಹಾಗೆ ಪರಿಗಣಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಮೆರಿಕದ ರಾಜ್ಯ ದತ್ತಾಂಶದ ಬೆಲೆ ಇರುವುದು, ವಿಮೆ ಇದ್ದವರು, ಸರ್ಕಾರದ ನೆರವಿನವರು, ಕೈಯಿಂದ ಹಣ ಕೊಟ್ಟವರು ಎಲ್ಲರೂ ಅದರಲ್ಲಿ ಬರುವುದರಲ್ಲಿ. ನಮ್ಮಲ್ಲಿ 2018ರಲ್ಲಿ ಆರಂಭವಾದ ಯೋಜನೆಯ ಕ್ಲೇಮುಗಳಲ್ಲಿ ಯೋಜನೆಯ ಅಡಿಯಲ್ಲಿ ಚಿಕಿತ್ಸೆ ಪಡೆದವರು ಮಾತ್ರ ಇರುತ್ತಾರೆ, ಅದೂ ಹಣ ಪಾವತಿಯ ಪ್ಯಾಕೇಜಿನ ಹೆಸರಿನಲ್ಲಿ. ಕರಾವಳಿಯಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಿ ಸ್ವಂತ ಹಣ ಕಟ್ಟುವವರು ಎಷ್ಟಿದ್ದಾರೆಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಅವರು ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಆರೋಗ್ಯ ಇಲಾಖೆಯ ವರದಿ ವ್ಯವಸ್ಥೆಯಾದ ಎಚ್‌ಎಂಐಎಸ್‌ನಲ್ಲಿ ತಿಂಗಳ ಒಟ್ಟು ಸಂಖ್ಯೆಗಳಿವೆ, ಅವುಗಳನ್ನು ಬಿಡಿಸಿ ಒಬ್ಬೊಬ್ಬರ ವಿವರ ತೆಗೆಯಲಾಗದು. ಸಾವಿನ ಕಾರಣದ ಪ್ರಮಾಣಪತ್ರ ತೀರಿಕೊಂಡವರಿಗೆ ಮಾತ್ರ. 2021ರಲ್ಲಿ ದೇಶಾದ್ಯಂತ ಘೋಷಣೆಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಗಳ ಆಭಾ ಎಂಬ ವ್ಯಕ್ತಿಯ ಆರೋಗ್ಯ ಖಾತೆಯ ಸಂಖ್ಯೆ ಸಾಲುಗಳನ್ನು ಜೋಡಿಸಲು ನೆರವಾದೀತು, ಆದರೆ ಅದು ಐಚ್ಛಿಕ.

ಇನ್ನೊಂದು ತೊಡಕು ನಮ್ಮ ಭೂಗೋಳದ್ದು. ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡಿನವರು ಬರುತ್ತಾರೆ. ಮಣಿಪಾಲಕ್ಕೆ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರಿನವರು ಬರುತ್ತಾರೆ. ಇಲ್ಲಿನ ಬಿಡುಗಡೆಗಳನ್ನು ಎರಡು ಜಿಲ್ಲೆಗಳ ಜನಸಂಖ್ಯೆಯಿಂದ ಭಾಗಿಸಿದರೆ ಬರುವ ದರಕ್ಕೆ ಅರ್ಥವಿರುವುದಿಲ್ಲ. ರೋಗಿಯ ವಾಸಸ್ಥಳದ ಪಿನ್ ಕೋಡ್ ಸರಿಯಾಗಿ ದಾಖಲಾಗಿರಲೇಬೇಕು.

ನಿಮ್ಮ ವಿದ್ಯಾರ್ಥಿನಿ ಒಂದೇ ಆಸ್ಪತ್ರೆಯ ದಾಖಲೆ ವಿಭಾಗದಿಂದ, ನೈತಿಕ ಸಮಿತಿಯ ಅನುಮತಿ ಪಡೆದು, ಹೆಸರು ಮತ್ತು ಆಸ್ಪತ್ರೆ ಸಂಖ್ಯೆ ತೆಗೆದ ಸಾಲುಗಳನ್ನು ಕೇಳಲಿ. ವಯಸ್ಸು, ಲಿಂಗ, ಪಿನ್ ಕೋಡ್, ಸೇರಿದ ಮತ್ತು ಬಿಡುಗಡೆಯಾದ ದಿನ, ಎಲ್ಲಿಂದ ಬಂದರು, ಮುಖ್ಯ ಕಾಯಿಲೆ, ಜೊತೆಗಿನ ಕಾಯಿಲೆಗಳು, ಶಸ್ತ್ರಚಿಕಿತ್ಸೆ, ಬಿಡುಗಡೆಯಾದಾಗಿನ ಸ್ಥಿತಿ ಇಷ್ಟಿದ್ದರೆ ಸಾಕು. ಅವುಗಳಲ್ಲಿ ಕೆಲವನ್ನು ಮೂಲ ಕೇಸ್ ಶೀಟಿನೊಂದಿಗೆ ತಾಳೆ ನೋಡಿ, ಸಂಕೇತ ಎಷ್ಟರಮಟ್ಟಿಗೆ ಸರಿಯಾಗಿದೆ ಎಂಬುದನ್ನೇ ವರದಿಯ ಮೊದಲ ಅಧ್ಯಾಯವಾಗಿ ಬರೆಯಲಿ.